ಮನೆಯಲ್ಲಿ ತೀರಿಕೊಂಡ ಜಲಾಂತರ್ಗಾಮಿ ನಾವಿಕರ ಸ್ಮರಣೆ

ಪ್ರಶ್ನೆ: ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಸೇವೆ ಸಲ್ಲಿಸಿ, ನಿವೃತ್ತರಾಗಿ, ಎಷ್ಟೋ ವರ್ಷಗಳ ನಂತರ ಮನೆಯಲ್ಲಿ ತೀರಿಕೊಂಡವರನ್ನೂ ಯುದ್ಧದಲ್ಲಿ ಮುಳುಗಿಹೋದವರಂತೆಯೇ ‘ಎಟರ್ನಲ್ ಪ್ಯಾಟ್ರೋಲ್‌’ಗೆ, ಅಂದರೆ ಕೊನೆಯಿಲ್ಲದ ಗಸ್ತಿಗೆ ಹೊರಟವರು ಎನ್ನುತ್ತಾರೆ. ಇದೇಕೆ? ಇಂಥವರ ಬದುಕಿನ ನೆನಪನ್ನು ಕುಟುಂಬದವರು ಹೇಗೆ ಉಳಿಸಿಕೊಳ್ಳಬಹುದು?

ಉತ್ತರ: ಈ ಪದ್ಧತಿಯ ಬೇರು ಎರಡನೆಯ ಮಹಾಯುದ್ಧದಲ್ಲಿದೆ. ಆ ಯುದ್ಧದಲ್ಲಿ ಅಮೆರಿಕ 52 ಜಲಾಂತರ್ಗಾಮಿಗಳನ್ನು ಕಳೆದುಕೊಂಡಿತು. ಅವುಗಳೊಂದಿಗೆ 3,500ಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಗಸ್ತಿಗೆ ಹೋದವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರು ಹಿಂದಿರುಗಲಿಲ್ಲ. ನೌಕೆ ನಿಗದಿತ ದಿನಕ್ಕೆ ಬಂದರು ಸೇರಲಿಲ್ಲ, ಮುಳುಗಿದೆಯೆಂದು ಭಾವಿಸಲಾಗಿದೆ ಎಂಬುದಕ್ಕಿಂತ ಹೆಚ್ಚಿನ ಮಾಹಿತಿ ಅನೇಕ ಮನೆಗಳಿಗೆ ದೊರೆಯಲೇ ಇಲ್ಲ. ದೇಹವಿಲ್ಲ, ಸಮಾಧಿಯಿಲ್ಲ, ಎಲ್ಲಿ ಮುಳುಗಿತೆಂಬ ಸುಳಿವೂ ಇಲ್ಲ. ಸಮಾಧಿಯ ಮುಂದೆ ನಿಲ್ಲಲಾಗದವರು ಹೆಸರುಗಳ ಮುಂದೆ ನಿಂತರು. ಒಂದೊಂದೇ ನೌಕೆಯ ಹೆಸರನ್ನು ಓದಿ, ಪ್ರತಿ ಹೆಸರಿಗೂ ಗಂಟೆ ಬಾರಿಸುವ ವಿಧಿ ಇಂದಿಗೂ ನಡೆದುಬಂದಿದೆ. ಕನೆಕ್ಟಿಕಟ್ ರಾಜ್ಯದ ಗ್ರಾಟನ್‌ನಲ್ಲಿರುವ ಸ್ಮಾರಕದಲ್ಲಿ ‘ಫ್ಲಾಷರ್’ ಎಂಬ ಜಲಾಂತರ್ಗಾಮಿಯ ಗೋಪುರವನ್ನು ನಿಲ್ಲಿಸಿ, ಮಡಿದವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಲಾಗಿದೆ. 1964ರಲ್ಲಿ ಆರಂಭವಾದ ಅಮೆರಿಕದ ಜಲಾಂತರ್ಗಾಮಿ ನಿವೃತ್ತರ ಸಂಘವು, ಕರ್ತವ್ಯದಲ್ಲಿ ಮಡಿದ ಸಹನಾವಿಕರ ನೆನಪನ್ನು ಮುಂದುವರಿಸುವುದನ್ನೇ ತನ್ನ ಮೊದಲ ಧ್ಯೇಯವೆಂದು ಸಾರಿದೆ.

ಹಾಗಾದರೆ ಬದುಕಿ ಬಂದವರನ್ನೂ ಅದೇ ಮಾತಿನಿಂದ ಬೀಳ್ಕೊಡುವುದೇಕೆ? ಜಲಾಂತರ್ಗಾಮಿಗೆ ಸೇರಿದ ಪ್ರತಿಯೊಬ್ಬರೂ, ಅಡುಗೆಯವರೂ ಸೇರಿದಂತೆ, ಇಡೀ ನೌಕೆಯನ್ನು ಕಲಿಯಬೇಕು. ಗಾಳಿ, ನೀರು, ತೈಲ, ವಿದ್ಯುತ್ ಎಲ್ಲೆಲ್ಲಿ ಹರಿಯುತ್ತವೆ, ಯಾವ ಕವಾಟ ಎಲ್ಲಿದೆ ಎಂಬುದನ್ನು ಹಿರಿಯರ ಮುಂದೆ ಮುಟ್ಟಿ ತೋರಿಸಿ ತೇರ್ಗಡೆಯಾದ ಮೇಲೆಯೇ ಎದೆಯ ಮೇಲೆ ಡಾಲ್ಫಿನ್ ಲಾಂಛನ ಸಿಗುತ್ತದೆ. ಅಧಿಕಾರಿಗಳಿಗೆ ಚಿನ್ನದ ಬಣ್ಣದ್ದು, ಉಳಿದವರಿಗೆ ಬೆಳ್ಳಿಯ ಬಣ್ಣದ್ದು. ಒಬ್ಬನ ಕೈತಪ್ಪು ಎಲ್ಲರ ಸಾವಾಗಬಹುದಾದ, ಒಬ್ಬನ ಕೈ ಎಲ್ಲರನ್ನೂ ಉಳಿಸಬಹುದಾದ ಕೆಲಸವಿದು. 1939ರ ಮೇ 23ರಂದು ನ್ಯೂ ಹ್ಯಾಂಪ್‌ಶೈರ್ ಕರಾವಳಿಯಾಚೆ ‘ಸ್ಕ್ವಾಲಸ್’ ಮುಳುಗಿದಾಗ ಎಂಜಿನ್‌ಗಳಿಗೆ ಗಾಳಿ ಒದಗಿಸುವ ಮುಖ್ಯ ಕವಾಟ ತೆರೆದೇ ಉಳಿದಿತ್ತು, ಹಿಂಭಾಗಕ್ಕೆ ನೀರು ನುಗ್ಗಿತು. ನೌಕೆ ಹಿಂದಕ್ಕೆ ವಾಲುತ್ತಿರುವಾಗ ಲಾಯ್ಡ್ ಮೇನೆಸ್ ಎಂಬ ವಿದ್ಯುತ್ ವಿಭಾಗದ ನಾವಿಕ ನೀರು ತಡೆಯುವ ಭಾರದ ಬಾಗಿಲನ್ನು ಮುಚ್ಚಬೇಕಿತ್ತು. ಅದನ್ನು ವಾಲಿದ ನೆಲದ ಏರಿಗೆ ಎದುರಾಗಿ ಎಳೆಯಬೇಕಿತ್ತು. ಆಚೆಯಿಂದ ಕೂಗುತ್ತಾ ಬಂದ ಕೆಲವರನ್ನು ಒಳಗೆ ಬಿಟ್ಟುಕೊಂಡು, ನಂತರ ಆತ ಬಾಗಿಲು ಹಾಕಿದ. 26 ಮಂದಿ ಸತ್ತರು. ಉಳಿದ 33 ಮಂದಿಯನ್ನು ಮೆಕ್‌ಕ್ಯಾನ್ ರಕ್ಷಣಾ ಕೋಶ ಎಂಬ, ಮೇಲಿನ ಹಡಗಿನಿಂದ ನೀರಿಗಿಳಿಸುವ ಉಕ್ಕಿನ ಗೂಡಿನಲ್ಲಿ ಮೇಲಕ್ಕೆ ತರಲಾಯಿತು. ಬದುಕಿದವರೂ ಸತ್ತವರೂ ಒಂದೇ ಬಾಗಿಲಿನ ಎರಡು ಬದಿಗಳಲ್ಲಿದ್ದವರು. ಹೀಗಿರುವಾಗ ಐವತ್ತು ವರ್ಷಗಳ ನಂತರ ಸಾಯುವವರನ್ನು ಬೇರೆ ಪಂಕ್ತಿಯಲ್ಲಿ ಕೂರಿಸಲು ಅವರ ಸಂಗಾತಿಗಳಿಗೆ ಮನಸ್ಸು ಬಾರದಿರುವುದು ಸಹಜ.

ಯುದ್ಧ ಮುಗಿದ ಮೇಲೂ ಅಪಾಯ ಮುಗಿಯಲಿಲ್ಲ. 1963ರ ಏಪ್ರಿಲ್ 10ರಂದು ‘ಥ್ರೆಷರ್’ ಪರೀಕ್ಷಾರ್ಥ ಮುಳುಗುವಾಗ ನಾಶವಾಗಿ 129 ಮಂದಿ ಸತ್ತರು. ಅವರಲ್ಲಿ 17 ಮಂದಿ ಸೈನಿಕರಲ್ಲದ ಕೆಲಸಗಾರರು ಮತ್ತು ತಂತ್ರಜ್ಞರು. ಅದರ ಪಾಠದಿಂದಲೇ ‘ಸಬ್‌ಸೇಫ್’ ಎಂಬ ಕಟ್ಟುನಿಟ್ಟಿನ ಸುರಕ್ಷತಾ ವ್ಯವಸ್ಥೆ ಹುಟ್ಟಿತು. 1968ರ ಮೇ ತಿಂಗಳಲ್ಲಿ ‘ಸ್ಕಾರ್ಪಿಯನ್’ 99 ಮಂದಿಯೊಂದಿಗೆ ಮುಳುಗಿತು.

ಶೀತಲ ಸಮರದ ಕಾಲದ ನಾವಿಕರ ವಿಷಯದಲ್ಲಿ ಇನ್ನೊಂದು ತೊಡಕಿದೆ; ನನ್ನ ದೃಷ್ಟಿಯಲ್ಲಿ ಪ್ರಶ್ನೆಯ ಎರಡನೆಯ ಭಾಗಕ್ಕೆ ಇದೇ ಮುಖ್ಯ. ಕ್ಷಿಪಣಿ ಹೊತ್ತ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿ ಎರಡೆರಡು ನಾವಿಕ ತಂಡಗಳು ಸರದಿಯ ಮೇಲೆ ತಿಂಗಳುಗಟ್ಟಲೆ ಗಸ್ತಿಗೆ ಹೋಗುತ್ತಿದ್ದವು. ಎಲ್ಲಿಗೆಂದು ಹೆಂಡತಿಗೂ ಹೇಳುವಂತಿರಲಿಲ್ಲ. ಮನೆಯವರು ‘ಫ್ಯಾಮಿಲಿಗ್ರಾಮ್’ ಎಂಬ, ಪದಗಳನ್ನು ಎಣಿಸಿ ಬರೆದ ಪುಟ್ಟ ಸಂದೇಶಗಳನ್ನು ಗಸ್ತಿನ ಅವಧಿಯಲ್ಲಿ ಕೆಲವೇ ಬಾರಿ ಕಳುಹಿಸಬಹುದಿತ್ತು. ಉತ್ತರ ಬರುತ್ತಿರಲಿಲ್ಲ, ಏಕೆಂದರೆ ಉತ್ತರಿಸಿದರೆ ನೌಕೆ ಇರುವ ಜಾಗ ಬಯಲಾಗುತ್ತಿತ್ತು. ಸಂದೇಶಗಳನ್ನು ಮೊದಲೇ ಪರಿಶೀಲಿಸುತ್ತಿದ್ದುದರಿಂದ ಮನೆಯ ಕೆಟ್ಟ ಸುದ್ದಿ ಗಸ್ತು ಮುಗಿಯುವವರೆಗೂ ತಲುಪದೆ ಇರಬಹುದಿತ್ತು. ಇಂಥ ಬದುಕಿನ ಅರ್ಧ ಮಾತ್ರ ಮನೆಯವರ ಬಳಿ ಇರುತ್ತದೆ. ಉಳಿದರ್ಧ ಒಂದೇ ನೌಕೆಯಲ್ಲಿ ಮಲಗಿ ಎದ್ದವರ ಬಳಿ. ಆದ್ದರಿಂದ ಸ್ಮರಣೆಯೆಂದರೆ ಈ ಎರಡೂ ಅರ್ಧಗಳನ್ನು ಕೂಡಿಸುವ ಕೆಲಸ, ಮತ್ತು ಅದನ್ನು ಆ ಸಂಗಾತಿಗಳು ಬದುಕಿರುವಾಗಲೇ ಮಾಡಬೇಕು.

ಎಷ್ಟು ತಡವಾದರೂ ಇದು ಸಾಧ್ಯವೆಂಬುದಕ್ಕೆ ‘ಗ್ರೂನಿಯನ್’ ಜಲಾಂತರ್ಗಾಮಿ ಸಾಕ್ಷಿ. 1942ರ ಜುಲೈನಲ್ಲಿ ಅಲಾಸ್ಕದ ಅಲೂಶಿಯನ್ ದ್ವೀಪಗಳ ಬಳಿ ಅದು 70 ಮಂದಿಯೊಂದಿಗೆ ಕಾಣೆಯಾಯಿತು. ನಾಯಕ ಮ್ಯಾನರ್ಟ್ ಏಬಲಿಯವರ ಮೂವರು ಪುತ್ರರು ವೃದ್ಧಾಪ್ಯದಲ್ಲಿ ಸ್ವಂತ ಹಣದಿಂದ ಶೋಧ ನಡೆಸಿ, ಕಿಸ್ಕಾ ದ್ವೀಪದ ಬಳಿ ಅದರ ಅವಶೇಷವನ್ನು ಪತ್ತೆ ಮಾಡಿದರು. 2007ರಲ್ಲಿ ಅದರ ಚಿತ್ರಗಳು ದೊರೆತವು, ಮರುವರ್ಷ ನೌಕಾಪಡೆ ಅದನ್ನು ದೃಢಪಡಿಸಿತು. ಇದಕ್ಕಿಂತಲೂ ನನ್ನ ಮನಸ್ಸನ್ನು ತಟ್ಟುವುದು ಇದರ ಜೊತೆಗೇ ನಡೆದ ಇನ್ನೊಂದು ಹುಡುಕಾಟ. ಮೃತರ ಬಂಧುಗಳೇ ಆದ ಕೆಲವು ಮಹಿಳೆಯರು ಹಳೆಯ ವಿಳಾಸಗಳ ಜಾಡು ಹಿಡಿದು ಎಪ್ಪತ್ತೂ ಮಂದಿಯ ಕುಟುಂಬಗಳನ್ನು ಪತ್ತೆ ಮಾಡಿದರು. ಅಷ್ಟೂ ಮಂದಿ ಅಂಕಿಯಿಂದ ಬಿಡಿಸಿಕೊಂಡು ಮತ್ತೆ ಒಬ್ಬೊಬ್ಬರ ಅಣ್ಣ, ಚಿಕ್ಕಪ್ಪ, ಮಗ ಆದರು.

ಕುಟುಂಬದವರಿಗೆ ದಾಖಲೆಗಳ ದಾರಿಯೂ ತೆರೆದಿದೆ. ಸೇವಾ ದಾಖಲೆಗಳು ಸೇಂಟ್ ಲೂಯಿಸ್‌ನ ರಾಷ್ಟ್ರೀಯ ದಾಖಲೆ ಕೇಂದ್ರದಲ್ಲಿರುತ್ತವೆ. ಅಲ್ಲಿ 1973ರಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ಸುಟ್ಟುಹೋದವು ಭೂಸೇನೆ ಮತ್ತು ವಾಯುಪಡೆಯ ಕಡತಗಳು. ಎಲ್ಲವೂ ಹೋಯಿತೆಂದುಕೊಂಡು ನೌಕಾಪಡೆಯವರ ಮಕ್ಕಳು ಕೈಚೆಲ್ಲಬೇಕಿಲ್ಲ. ಸೇವೆಯಿಂದ ಬಿಡುಗಡೆಯಾಗಿ 62 ವರ್ಷ ಕಳೆದ ಕಡತಗಳನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು. ಬದುಕಿರುವ ನಿವೃತ್ತರ ಮಾತುಗಳನ್ನು ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ 2000ದಲ್ಲಿ ಆರಂಭವಾದ ತನ್ನ ಯೋಧರ ಇತಿಹಾಸ ಯೋಜನೆಯಡಿ ಧ್ವನಿಮುದ್ರಣವಾಗಿ ಕಾಪಿಡುತ್ತದೆ. ಮೃತರ ಪತ್ರಗಳು, ಭಾವಚಿತ್ರಗಳಿಗೂ ಅಲ್ಲಿ ಜಾಗವಿದೆ. ಅಸ್ಥಿಯನ್ನು ಸಮುದ್ರಕ್ಕೆ ಒಪ್ಪಿಸಬೇಕೆಂದು ಬಯಸಿದವರಿಗೆ ನೌಕಾಪಡೆಯೇ ಅದನ್ನು ನೆರವೇರಿಸುತ್ತದೆ. ಕುಟುಂಬದವರು ಹಡಗಿನಲ್ಲಿ ಇರುವಂತಿಲ್ಲವಾದರೂ, ವಿಧಿ ನಡೆದ ದಿನ, ಹೊತ್ತು, ಅಕ್ಷಾಂಶ, ರೇಖಾಂಶಗಳನ್ನು ನಮೂದಿಸಿದ ಪತ್ರ ಮನೆಗೆ ಬರುತ್ತದೆ. ಮುಳುಗಿದ ನೌಕೆಗಳವರ ಮನೆಗಳಿಗೆ ದಕ್ಕದೇ ಹೋದದ್ದು ಈ ಒಂದು ವಿವರವೇ.

ಭಾರತದ ಜಲಾಂತರ್ಗಾಮಿ ವಿಭಾಗಕ್ಕೂ ಈಗ ಇದೇ ಹೊತ್ತು ಬಂದಿದೆ. ಮೊದಲ ನೌಕೆ ‘ಕಲ್ವರಿ’ 1967ರ ಡಿಸೆಂಬರ್ 8ರಂದು ಸೇವೆಗೆ ಸೇರಿತು. ಆ ತಲೆಮಾರಿನವರು ಈಗ ಬಹಳ ವೃದ್ಧರು. 2013ರ ಆಗಸ್ಟ್ 14ರಂದು ಮುಂಬೈಯಲ್ಲಿ ‘ಸಿಂಧುರಕ್ಷಕ್’ ಸ್ಫೋಟಗೊಂಡು ಮಡಿದ 18 ಮಂದಿಯ ಸುದ್ದಿ ದೇಶಕ್ಕೆಲ್ಲ ತಿಳಿಯಿತು. ಸದ್ದಿಲ್ಲದೆ ಸೇವೆ ಮುಗಿಸಿ ಊರಿಗೆ ಬಂದವರ ಕತೆ ಅವರವರ ಮನೆಗಳಲ್ಲೂ ಪೂರ್ತಿಯಾಗಿ ತಿಳಿದಿರುವುದಿಲ್ಲ. ಕನ್ನಡದ ಮನೆಗಳಲ್ಲಿ ಅಂಥ ಅಜ್ಜನೋ ದೊಡ್ಡಪ್ಪನೋ ಇದ್ದರೆ, ಪದಕಗಳ ಪಟ್ಟಿಗಿಂತ ಮೊದಲು ದುಡಿದ ನೌಕೆಗಳ ಹೆಸರು, ವರ್ಷ, ಪಾಳಿಯಲ್ಲಿ ಕೂರುತ್ತಿದ್ದ ಜಾಗ, ಪಕ್ಕದ ಮಂಚದಲ್ಲಿ ಮಲಗುತ್ತಿದ್ದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ವಿಶಾಖಪಟ್ಟಣದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಕುರ್ಸುರಾ’ದ ಒಳಗೆ ಅವರನ್ನೇ ಕರೆದುಕೊಂಡು ಹೋಗಿ. ಮನೆಯ ಕುರ್ಚಿಯಲ್ಲಿ ನೆನಪಾಗದ ಎಷ್ಟೋ ಸಂಗತಿಗಳು, ಆ ಇಕ್ಕಟ್ಟಿನಲ್ಲಿ ಒಂದು ಕವಾಟದ ಮೇಲೆ ಕೈಯಿಟ್ಟಾಗ ತಾವಾಗಿ ನೆನಪಿಗೆ ಬರುವುದುಂಟು.