ನರ್ಸ್ ಎಷ್ಟು ಜನ ಬೇಕು? ವಿಸ್ನ್ ಲೆಕ್ಕದಲ್ಲಿ ನಾನು ಎಡವಿದ ಜಾಗ

ಕಮ್ಯುನಿಟಿ ಹೆಲ್ತ್ ನರ್ಸಿಂಗ್ ಪೇಪರ್‌ಗೆ ಓದುತ್ತಿರುವವರಿಗೆ ಇದು. ವಿಸ್ನ್ (WISN) ಅಂದರೆ ಕೆಲಸದ ಹೊರೆ ನೋಡಿ ಎಷ್ಟು ಸಿಬ್ಬಂದಿ ಬೇಕು ಅಂತ ಹೇಳುವ ಲೆಕ್ಕ. ಅದು ನಿನ್ನೆ ರಾತ್ರಿ ತಲೆಗೆ ಹತ್ತಿತು, ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಬಯಲು ಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಒಂದು ಕೇಂದ್ರದಲ್ಲಿ ತಿಂಗಳಿಗೆ 5 ಹೆರಿಗೆ, ಇನ್ನೊಂದರಲ್ಲಿ 50 ಆದರೆ ಎರಡಕ್ಕೂ ಅಷ್ಟೇ ನರ್ಸ್ ಸಾಲುತ್ತಾರಾ? ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ವಿಸ್ನ್ ಲೆಕ್ಕ. ಇಲ್ಲಿ ತಲೆ ಎಣಿಸುವುದಿಲ್ಲ, ಕೆಲಸ ಎಣಿಸುತ್ತಾರೆ.

ಮೊದಲು ಒಬ್ಬರು ವರ್ಷಕ್ಕೆ ನಿಜವಾಗಿ ಎಷ್ಟು ಗಂಟೆ ಸಿಗುತ್ತಾರೆ ನೋಡಿ. ವಾರಕ್ಕೆ 6 ದಿನದಂತೆ 312 ದಿನ. ಹಬ್ಬ, ರಜೆ, ಕಾಯಿಲೆ, ತರಬೇತಿ ಸೇರಿ 72 ದಿನ ಹೋಯಿತು ಅಂದುಕೊಳ್ಳಿ. ಉಳಿದದ್ದು 240 ದಿನ, ದಿನಕ್ಕೆ 8 ಗಂಟೆಯಂತೆ 1,920 ಗಂಟೆ.

ಒಂದು ಗರ್ಭಿಣಿ ತಪಾಸಣೆಗೆ 20 ನಿಮಿಷ ಹಿಡಿದರೆ ಒಬ್ಬ ನರ್ಸ್ ವರ್ಷಕ್ಕೆ 5,760 ಮಾಡಬಹುದು. ನಮ್ಮ ಉದಾಹರಣೆಯ ಆಸ್ಪತ್ರೆಯಲ್ಲಿ 14,400 ತಪಾಸಣೆ ಇದೆ, ಅಂದರೆ 2.5 ನರ್ಸ್. ಹೆರಿಗೆಗೆ 6 ಗಂಟೆಯಂತೆ ಒಬ್ಬರಿಗೆ 320. ಇರುವುದು 960, ಹಾಗಾಗಿ 3 ಜನ. ಇಂಜೆಕ್ಷನ್, ಡ್ರೆಸ್ಸಿಂಗ್‌ಗೆ ಇದೇ ರೀತಿ 4.5 ಬಂತು ಅನ್ನಿ. ಒಟ್ಟು 10.

ನಾನು ಎಡವಿದ್ದು ಇಲ್ಲಿಂದ ಮುಂದೆ.

ನನ್ನ ಪೋಸ್ಟಿಂಗ್‌ನಲ್ಲಿ ಒಬ್ಬ ಸಿಸ್ಟರ್ ಡ್ಯೂಟಿ ಮುಗಿದು ಅರ್ಧ ಗಂಟೆ ಆದರೂ ನಿಂತುಕೊಂಡೇ ತಿಂಗಳ ರಿಪೋರ್ಟ್ ತುಂಬುತ್ತಿದ್ದರು. ಪೆನ್ನು ಬರೆಯದಿದ್ದಾಗ ಅಂಗೈ ಮೇಲೆ ಗೀಚಿ ನೋಡುತ್ತಿದ್ದರು. ಹ್ಯಾಂಡೋವರ್ (ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವುದು), ಮೀಟಿಂಗ್, ರಿಪೋರ್ಟ್ ಎಲ್ಲರೂ ಮಾಡಲೇಬೇಕು, ಆದರೆ ಯಾವ ರೋಗಿಯ ಲೆಕ್ಕಕ್ಕೂ ಅದು ಬರಲ್ಲ. ಇದಕ್ಕೆ ಸಮಯದ ಶೇ 30 ಭಾಗ ಹೋಗುತ್ತದೆ ಅಂತ ಹಿಡಿಯೋಣ. ನಾನು ಸೀದಾ 10ಕ್ಕೆ ಶೇ 30 ಕೂಡಿಸಿ 13 ಅಂತ ಬರೆದೆ. ತಪ್ಪು.

ಯಾಕೆ ತಪ್ಪು ಅಂದರೆ, ಹೊಸದಾಗಿ ಬಂದ ಆ 3 ಜನಕ್ಕೂ ಹ್ಯಾಂಡೋವರ್ ಇರುತ್ತದೆ, ಅವರೂ ಮೀಟಿಂಗ್‌ಗೆ ಹೋಗಬೇಕು ಅಲ್ವಾ? 13 ಜನರ ಶೇ 70 ಭಾಗ ಸಮಯ ಅಂದರೆ ರೋಗಿಗಳಿಗೆ ಸಿಕ್ಕಿದ್ದು 9.1 ಜನ ಮಾತ್ರ, ಬೇಕಿದ್ದು 10. ಹಾಗಾಗಿ ಕೂಡಿಸಬಾರದು, ಉಳಿದ ಪಾಲಿನಿಂದ ಭಾಗಿಸಬೇಕು: 10 ಭಾಗಿಸು 0.7, ಅಂದರೆ 14.3. ಯಾವಾಗಲೂ ಉತ್ತರವನ್ನು 0.7ರಿಂದ ಗುಣಿಸಿ ನೋಡಿ. 10 ವಾಪಸ್ ಬಂದರೆ ಸರಿ.

ಆದರೆ ಒಬ್ಬರೇ ಮಾಡುವ ಕೆಲಸವನ್ನು ಮಾತ್ರ ಕೊನೆಯಲ್ಲಿ ಕೂಡಿಸುತ್ತಾರೆ. ಇನ್‌ಚಾರ್ಜ್ ಸಿಸ್ಟರ್ ದಿನಕ್ಕೆ 2 ಗಂಟೆ ಸ್ಟಾಕ್, ಡ್ಯೂಟಿ ಪಟ್ಟಿ ನೋಡಿದರೆ ವರ್ಷಕ್ಕೆ 480 ಗಂಟೆ, ಅಂದರೆ 0.25. ಒಟ್ಟು 14.55, ಅಂದರೆ 15 ಜನ. ಎಲ್ಲರ ಕೆಲಸಕ್ಕೆ ಭಾಗಿಸು, ಒಬ್ಬರ ಕೆಲಸಕ್ಕೆ ಕೂಡಿಸು. ನನ್ನ ತಪ್ಪು ದಾರಿಯಲ್ಲಿ ಹೋಗಿದ್ದರೆ 13 ಬರುತ್ತಿತ್ತು. ಹೋದದ್ದು ಇಬ್ಬರು ನರ್ಸ್, ಕಾಗದದ ಮೇಲೆ ಕೊರತೆಯೇ ಕಾಣುವುದಿಲ್ಲ.

ಇನ್ನು ಕೊರತೆಯನ್ನು ಎರಡು ರೀತಿ ಓದಬೇಕು. 15 ಬೇಕಾದಲ್ಲಿ 10 ಇದ್ದರೆ ವ್ಯತ್ಯಾಸ 5, ಅನುಪಾತ 0.67. 2 ಬೇಕಾದಲ್ಲಿ ಒಬ್ಬರೇ ಇದ್ದರೆ ವ್ಯತ್ಯಾಸ 1, ಆದರೆ ಅನುಪಾತ 0.5. ಹೊರೆ ಜಾಸ್ತಿ ಇರುವುದು ಆ ಚಿಕ್ಕ ಕೇಂದ್ರದ ಒಬ್ಬರ ಮೇಲೆ. ಹೊಸ ನರ್ಸ್ ಸಿಕ್ಕರೆ ಮೊದಲು ಅಲ್ಲಿಗೇ ಕಳಿಸಬೇಕು ಅಂತ ನನಗೆ ಅನಿಸುತ್ತದೆ.

ಈ ಕೊರತೆ ತುಂಬಲು ಓದಿನ ಕಡೆ ನೋಡಿದರೆ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) 3 ವರ್ಷ, ಬಿಎಸ್ಸಿ ನರ್ಸಿಂಗ್ 4, ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ 5.5, ತಜ್ಞರಿಗೆ ಮತ್ತೆ 3. ಇವತ್ತು ಸೀಟು ಹೆಚ್ಚಿಸಿದರೆ ಅರಿವಳಿಕೆ ತಜ್ಞರು ಸಿಗಲು ಎಂಟೂವರೆ ವರ್ಷ ಕಾಯಬೇಕು. ಸುಮ್ನೆ ಸೀಟು ಹೆಚ್ಚಿಸಿದರೂ ಆಗಲ್ಲ, ಕಲಿಯಲು ರೋಗಿಗಳಿರುವ ಹಾಸಿಗೆ ಬೇಕು. 2023ರ ಕೇಂದ್ರ ಬಜೆಟ್ಟಿನ 157 ಹೊಸ ನರ್ಸಿಂಗ್ ಕಾಲೇಜುಗಳನ್ನು 2014ರ ನಂತರ ಶುರುವಾದ ಮೆಡಿಕಲ್ ಕಾಲೇಜುಗಳ ಜೊತೆಗೇ ಇಟ್ಟಿದ್ದು ಈ ದೃಷ್ಟಿಯಿಂದ ಒಳ್ಳೆಯದು.

ಓದಿದವರು ಹಳ್ಳಿಯಲ್ಲಿ ನಿಲ್ಲಬೇಕಲ್ಲ, ಅದು ಬೇರೆ ಪ್ರಶ್ನೆ. ಕರ್ನಾಟಕದಲ್ಲಿ ಡಾಕ್ಟರುಗಳಿಗೆ ಒಂದು ವರ್ಷದ ಕಡ್ಡಾಯ ಸೇವೆಯ 2012ರ ಕಾನೂನು 2015ರಲ್ಲಿ ಜಾರಿಗೆ ಬಂತು. ಆದರೆ ವರ್ಷ ಮುಗಿದ ಮೇಲೆ ಅವರನ್ನು ಅದು ಹಿಡಿದಿಡುವುದಿಲ್ಲ. ಹಳ್ಳಿಯ ಮಕ್ಕಳನ್ನೇ ಹೆಚ್ಚಾಗಿ ಕೋರ್ಸಿಗೆ ತೆಗೆದುಕೊಳ್ಳಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ನಮ್ಮ ಕ್ಲಾಸಿನಲ್ಲೂ ಊರಿನ ಆಸ್ಪತ್ರೆಗೇ ಹೋಗ್ತೀನಿ ಅನ್ನುವವರು ಮೂವರು, ಮೂವರೂ ಹಳ್ಳಿಯಿಂದ ಬಂದವರೇ.