ಮಂಜಿನ ಊರಿನಲ್ಲಿ ತಾನಾಗಿ ಇಳಿಯುವ ಕಿಟಕಿ ಪರದೆ: ಕಲಿಯುವವರಿಗೆ ನನ್ನ ಟಿಪ್ಪಣಿ

ನಮ್ಮ ಮನೆ ಮಡಿಕೇರಿಯಿಂದ ಸ್ವಲ್ಪ ದೂರ, ಕಾಫಿ ತೋಟದ ಮಧ್ಯೆ. ಅಜ್ಜಿಯ ಕೋಣೆಗೆ ಪಶ್ಚಿಮಕ್ಕೊಂದು ಕಿಟಕಿ. ಕಣದಲ್ಲಿ ಕಾಫಿ ಒಣಗುವ ಜನವರಿಯಲ್ಲಿ ಮಧ್ಯಾಹ್ನ ಮೂರೂವರೆ ಆಯಿತೆಂದರೆ ಬಿಸಿಲು ನೇರ ಅಜ್ಜಿಯ ಮುಖಕ್ಕೇ ಬೀಳುತ್ತದೆ. ಮಂಡಿ ನೋವು, ಎದ್ದು ಹೋಗಿ ಪರದೆ ಎಳೆಯಲು ಆಗುವುದಿಲ್ಲ. ಅದಕ್ಕೇ ಬೆಳಕು ನೋಡಿ ತಾನಾಗಿ ಇಳಿಯುವ, ಏರುವ ರೋಲರ್ ಪರದೆ ಮಾಡಲು ಕೂತೆ. ಮೋಟಾರ್ ತಿರುಗಿಸುವುದು ಒಂದು ಸಂಜೆಯ ಕೆಲಸ. ಯಾವಾಗ ತಿರುಗಿಸಬೇಕು, ಯಾವಾಗ ಸುಮ್ನಿರಬೇಕು ಅನ್ನುವುದಕ್ಕೆ ಮೂರು ವಾರ ಹಿಡಿಯಿತು. ಈ ಟಿಪ್ಪಣಿಯಲ್ಲಿ ಜಾಸ್ತಿ ಜಾಗ ಅದಕ್ಕೇ.

ಬೇಕಾದ ಸಾಮಾನು ಕಡಿಮೆ. ನಾವು ಬರೆದ ಪ್ರೋಗ್ರಾಂ ನಡೆಸುವ ಪುಟ್ಟ ಕಂಪ್ಯೂಟರ್ ಆದ ಒಂದು ಆರ್ಡುಯಿನೊ ಊನೊ ಬೋರ್ಡ್, ಬೆಳಕು ಅಳೆಯಲು ಒಂದು ಎಲ್‌ಡಿಆರ್, ಒಂದು ರೆಸಿಸ್ಟರ್, 12 ವೋಲ್ಟ್‌ನ ಗೇರ್ ಮೋಟಾರ್, ಅದನ್ನು ಎರಡೂ ಕಡೆಗೆ ತಿರುಗಿಸಲು ಎಲ್298ಎನ್ ಡ್ರೈವರ್, ಪರದೆ ಮೇಲಿನ ಅಥವಾ ಕೆಳಗಿನ ಕೊನೆ ಮುಟ್ಟಿದಾಗ ಒತ್ತಿಕೊಳ್ಳುವ ಎರಡು ಲಿಮಿಟ್ ಸ್ವಿಚ್, ಒಂದು ಪುಶ್ ಬಟನ್.

ಮೊದಲು ಎಲ್‌ಡಿಆರ್. ಬೆಳಕು ಹೆಚ್ಚಾದಷ್ಟೂ ಇದರ ರೆಸಿಸ್ಟೆನ್ಸ್, ಅಂದರೆ ಕರೆಂಟ್ ಹರಿಯಲು ಇದು ಒಡ್ಡುವ ತಡೆ, ಕಡಿಮೆಯಾಗುತ್ತದೆ. ಬೋರ್ಡ್‌ಗೆ ರೆಸಿಸ್ಟೆನ್ಸ್ ಅಳೆಯಲು ಬರುವುದಿಲ್ಲ, ವೋಲ್ಟೇಜ್ ಅಳೆಯಲು ಬರುತ್ತದೆ. ಅದಕ್ಕೆ 5 ವೋಲ್ಟ್‌ನಿಂದ ಎಲ್‌ಡಿಆರ್, ಅದರ ಕೆಳಗೆ ರೆಸಿಸ್ಟರ್, ಅಲ್ಲಿಂದ ಗ್ರೌಂಡ್. ಎರಡೂ ಸೇರುವ ಜಾಗದಿಂದ ಒಂದು ತಂತಿ ಅನಲಾಗ್ ಪಿನ್‌ಗೆ. ಅಲ್ಲಿನ 0ರಿಂದ 5 ವೋಲ್ಟ್ ಅನ್ನು ಊನೊ 0ರಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ.

ಎಲ್ಲರೂ ಇಲ್ಲಿ 10 ಕಿಲೋ ಓಮ್ ಹಾಕಿ ಎನ್ನುತ್ತಾರೆ. ನಾನೂ ಹಾಕಿದೆ. ಮಂಜು ಕವಿದಾಗಲೂ ಬಿಸಿಲಿದ್ದಾಗಲೂ ಅಂಕಿ ಹೆಚ್ಚುಕಡಿಮೆ ಒಂದೇ ಬರುತ್ತಿತ್ತು. ಎಲ್‌ಡಿಆರ್ ಬಿಚ್ಚಿ, ಕಿಟಕಿಯ ಗಾಜಿನ ಹತ್ತಿರವೇ ಇಟ್ಟು ಮಲ್ಟಿಮೀಟರ್‌ನಲ್ಲಿ ನೋಡಿದೆ. ಮಂಜಿನಲ್ಲಿ ಸುಮಾರು 1000 ಓಮ್, ಬಿಸಿಲಿನಲ್ಲಿ ಸುಮಾರು 200 ಓಮ್. ಈಗ ಲೆಕ್ಕ ಹಾಕಿ. 10 ಕಿಲೋ ಓಮ್ ಇದ್ದರೆ ಮಂಜಿನಲ್ಲಿ 10000 ಭಾಗ 11000, ಅದನ್ನು 1023ರಿಂದ ಗುಣಿಸಿದರೆ 930. ಬಿಸಿಲಿನಲ್ಲಿ 1003. ಇಡೀ ಆಕಾಶ ಬದಲಾದರೂ ವ್ಯತ್ಯಾಸ ಬರೀ 73! ಅದೇ ಜಾಗಕ್ಕೆ 470 ಓಮ್ ಹಾಕಿದರೆ ಮಂಜಿಗೆ 327, ಬಿಸಿಲಿಗೆ 718. ವ್ಯತ್ಯಾಸ 391. ನಮಗೆ ಬೇಕಾದ ಎರಡು ರೆಸಿಸ್ಟೆನ್ಸ್‌ಗಳನ್ನು ಗುಣಿಸಿ ವರ್ಗಮೂಲ ತೆಗೆಯಿರಿ, ಅಲ್ಲಿ ವ್ಯತ್ಯಾಸ ಅತಿ ಹೆಚ್ಚು ಸಿಗುತ್ತದೆ. 1000 ಮತ್ತು 200ಕ್ಕೆ ಅದು 447. ಅಂಗಡಿಯಲ್ಲಿ ಸಿಗುವುದರಲ್ಲಿ ಹತ್ತಿರದ್ದು 470. ನಿಮ್ಮ ಕಿಟಕಿಗೆ ನೀವೇ ಅಳೆಯಿರಿ. ನನ್ನ ಅಂಕಿ ನಿಮಗೆ ಹೊಂದಬೇಕೆಂದಿಲ್ಲ.

ಎಲ್‌ಡಿಆರ್ ಕೂರಿಸುವ ಜಾಗವೂ ಮುಖ್ಯ. ಅದು ಗಾಜಿಗೂ ಪರದೆಗೂ ನಡುವೆ ಇರಬೇಕು, ಮುಖ ಹೊರಗಡೆಗೆ. ಪರದೆಯ ಒಳಗಡೆ ಇಟ್ಟರೆ ಪರದೆ ಇಳಿದ ಕೂಡಲೇ ಅದಕ್ಕೆ ಕತ್ತಲಾಗುತ್ತದೆ. ಕತ್ತಲಾಯಿತೆಂದು ಪರದೆ ಏರುತ್ತದೆ. ಏರಿದ ಕೂಡಲೇ ಬೆಳಕು, ಮತ್ತೆ ಇಳಿಯುತ್ತದೆ.

ಇನ್ನು ಮಂಜಿನ ವಿಷಯ. ಕೊಡಗಿನ ಬೆಳಕು ನಿಮಗೂ ಗೊತ್ತಲ್ವಾ? ಈಗ ಬಿಸಿಲು, ಎರಡು ನಿಮಿಷಕ್ಕೆ ಎದುರಿನ ಸಿಲ್ವರ್ ಮರವೇ ಕಾಣುವುದಿಲ್ಲ, ಮತ್ತೆ ಬಿಸಿಲು. ಮೊದಲು ನಾನು ಒಂದೇ ಗಡಿ ಇಟ್ಟಿದ್ದೆ: 550 ದಾಟಿದರೆ ಇಳಿ, ಕಡಿಮೆಯಾದರೆ ಏರು. ಒಂದು ಮಧ್ಯಾಹ್ನ ಅರ್ಧ ಗಂಟೆಯಲ್ಲಿ ಪರದೆ ಹನ್ನೊಂದು ಸಲ ಓಡಾಡಿತು. "ಎಂತ ಮಗ, ಇದು ನಿಲ್ಲುವುದೇ ಇಲ್ಲವಾ?" ಎಂದರು ಅಜ್ಜಿ. ಮಲಗಿದವರಿಗೆ ಆ ಮೋಟಾರ್ ಸದ್ದು ಬಿಸಿಲಿಗಿಂತ ಕಷ್ಟ.

ಇದಕ್ಕೆ ಮದ್ದು ಎರಡು ಗಡಿ. ಇದನ್ನು ಹಿಸ್ಟರಿಸಿಸ್ ಎನ್ನುತ್ತಾರೆ. 650 ದಾಟಿದರೆ ಮಾತ್ರ ಇಳಿ, 450ಕ್ಕಿಂತ ಕೆಳಗೆ ಬಂದರೆ ಮಾತ್ರ ಏರು. ನಡುವೆ ಇದ್ದರೆ ಈಗ ಹೇಗಿದೆಯೋ ಹಾಗೇ ಇರು. ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್ ಕೆಲಸ ಮಾಡುವುದೂ ಹೀಗೆಯೇ.

ಆದರೆ ನಮ್ಮ ಮಂಜಿಗೆ ಇದೂ ಸಾಲಲಿಲ್ಲ. ಅದು 700ರಿಂದ 350ಕ್ಕೆ ಒಂದೇ ಸಲ ಇಳಿಸಿಬಿಡುತ್ತದೆ. ಹಾಗಾಗಿ ಕಾಯುವುದನ್ನೂ ಕಲಿಸಬೇಕಾಯಿತು. ಅಂಕಿ ಗಡಿ ದಾಟಿದ ಮೇಲೆ ಅಲ್ಲೇ ನಿಂತಿದೆಯೇ ಎಂದು ನೋಡುವುದು. ಎರಡೂ ಕಡೆಗೆ ಒಂದೇ ಸಮಯ ಇಡಬೇಡಿ. ಬಿಸಿಲು ಕಣ್ಣಿಗೆ ಬಿದ್ದರೆ ತಡೆಯಲಾಗದು, ಆದ್ದರಿಂದ ಇಳಿಯಲು 2 ನಿಮಿಷ. ಮಂಜು ಕವಿದಾಗ ಪರದೆ ಇಳಿದೇ ಇದ್ದರೆ ಯಾರಿಗೂ ತೊಂದರೆ ಇಲ್ಲ, ಆದ್ದರಿಂದ ಏರಲು 10 ನಿಮಿಷ. ನಡುವೆ ಒಮ್ಮೆ ಅಂಕಿ ಗಡಿಯಿಂದ ಹಿಂದೆ ಸರಿದರೂ ಎಣಿಕೆ ಮತ್ತೆ ಸೊನ್ನೆಯಿಂದ. ಇಷ್ಟು ಮಾಡಿದ ಮೇಲೆ ಇಡೀ ಮಧ್ಯಾಹ್ನಕ್ಕೆ ಪರದೆ ಎರಡೋ ಮೂರೋ ಸಲ ಅಲ್ಲಾಡಿತು, ಅಷ್ಟೇ.

ಕಾಯಲು 'ಡಿಲೇ' ಆಜ್ಞೆ ಬಳಸಬೇಡಿ. ಅದು ನಡೆಯುವಷ್ಟು ಹೊತ್ತು ಪ್ರೋಗ್ರಾಂ ಅಲ್ಲೇ ನಿಂತಿರುತ್ತದೆ, ಬಟನ್ ಒತ್ತಿದರೂ ತಿಳಿಯುವುದಿಲ್ಲ. 'ಮಿಲಿಸ್' ಬಳಸಿ. ಬೋರ್ಡ್ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯಿತೆಂದು ಅದು ಹೇಳುತ್ತದೆ. ಶುರುವಿನ ಸಮಯ ಬರೆದಿಟ್ಟುಕೊಂಡು ಈಗಿನದರಿಂದ ಕಳೆದರೆ ಆಯಿತು. ಸುಮಾರು 49.7 ದಿನಕ್ಕೆ ಮಿಲಿಸ್ ಮತ್ತೆ ಸೊನ್ನೆಗೆ ಬರುತ್ತದೆ. ಎರಡನ್ನೂ 'ಅನ್‌ಸೈನ್ಡ್ ಲಾಂಗ್' ಆಗಿಟ್ಟು ಕಳೆದರೆ ಆಗಲೂ ಉತ್ತರ ಸರಿಯಾಗಿಯೇ ಬರುತ್ತದೆ.

ಮೋಟಾರ್ ಆಯ್ಕೆಗೆ ಒಂದು ಗುಣಾಕಾರ ಸಾಕು. ನನ್ನ ಬಟ್ಟೆ ಮತ್ತು ಕೆಳಗಿನ ಸರಳು ಸೇರಿ 800 ಗ್ರಾಂ. ಸುತ್ತುವ ಪೈಪಿನ ವ್ಯಾಸ 3.2 ಸೆಂಟಿಮೀಟರ್, ಅಂದರೆ ತ್ರಿಜ್ಯ 1.6. ಗುಣಿಸಿದರೆ ಸುಮಾರು 1.3 ಕೆಜಿ-ಸೆಂಮೀ, ಪರದೆ ಎತ್ತಲು ಬೇಕಾದ ತಿರುಗಿಸುವ ಬಲ ಇದು. ಕಿಟ್‌ಗಳಲ್ಲಿ ಬರುವ ನೀಲಿ ಬಣ್ಣದ 28ಬಿವೈಜೆ-48 ಸ್ಟೆಪ್ಪರ್‌ನ ಬಲ ಸುಮಾರು 0.3 ಮಾತ್ರ. ಅದು ಗೊರಗೊರ ಸದ್ದು ಮಾಡುತ್ತದೆ, ಎತ್ತುವುದಿಲ್ಲ. ಲೆಕ್ಕಕ್ಕೆ ಬಂದದ್ದರ ಎರಡರಷ್ಟಾದರೂ ಬಲ ಇರುವ ಮೋಟಾರ್ ತೆಗೆದುಕೊಳ್ಳಿ, ಅದರಲ್ಲೂ ವರ್ಮ್ ಗೇರ್ ಇರುವುದನ್ನೇ ಕೇಳಿ. ಈ ಗೇರ್‌ನಲ್ಲಿ ಮೋಟಾರ್ ಪೈಪನ್ನು ತಿರುಗಿಸಬಹುದು, ಪೈಪು ಮೋಟಾರನ್ನು ತಿರುಗಿಸುವುದು ತೀರಾ ಕಷ್ಟ. ಹಾಗಾಗಿ ಕರೆಂಟ್ ಹೋದರೂ ಪರದೆ ಧಡ್ ಎಂದು ಬೀಳದೆ ಇದ್ದಲ್ಲೇ ನಿಲ್ಲುತ್ತದೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬೀಳುವ ನಮ್ಮಂಥ ಊರಿಗೆ ಇದು ಬೇಕೇ ಬೇಕು. ಮೋಟಾರ್‌ಗೆ ಬೇರೆ ಅಡಾಪ್ಟರ್ ಕೊಡಿ, ಗ್ರೌಂಡ್ ಮಾತ್ರ ಬೋರ್ಡಿನದಕ್ಕೆ ಸೇರಿಸಿ.

ಕರೆಂಟ್ ಬಂದಾಗ ಪರದೆ ಎಲ್ಲಿದೆ ಎಂದು ಬೋರ್ಡ್‌ಗೆ ಗೊತ್ತಿರುವುದಿಲ್ಲ. ಮೇಲಿನ ಸ್ವಿಚ್ ಒತ್ತುವವರೆಗೆ ಏರಿಸಿ, ಆಮೇಲೆ ಕೆಲಸ ಶುರು ಮಾಡಿಸಿ. ಕೆಳಗಿನ ಸ್ವಿಚ್ ದಂಡ ಎಂದು ಬಿಡಬೇಡಿ. ಬಟ್ಟೆ ಪೂರ್ತಿ ಬಿಚ್ಚಿಕೊಂಡ ಮೇಲೂ ಪೈಪ್ ತಿರುಗಿದರೆ ಬಟ್ಟೆ ಉಲ್ಟಾ ಸುತ್ತಿಕೊಳ್ಳುತ್ತದೆ. ಆಗ 'ಇಳಿ' ಎಂದರೆ ಏರುತ್ತದೆ. ಎರಡೂ ಸ್ವಿಚ್‌ಗಳನ್ನು ಪಿನ್ ಮತ್ತು ಗ್ರೌಂಡ್ ನಡುವೆ 'ನಾರ್ಮಲಿ ಕ್ಲೋಸ್ಡ್' (ಒತ್ತದಿದ್ದಾಗ ಒಂದಕ್ಕೊಂದು ಸೇರಿರುವ) ಕಾಲುಗಳಿಂದ ಜೋಡಿಸಿ, ಬೋರ್ಡಿನ ಒಳಗಿನ ಪುಲ್-ಅಪ್ ಆನ್ ಮಾಡಿ. ಗ್ರೌಂಡ್ ತಗುಲದಿದ್ದಾಗ ಅದು ಪಿನ್ ಅನ್ನು 'ಹೈ', ಅಂದರೆ 5 ವೋಲ್ಟ್ ಕಡೆಗೆ ಎಳೆದಿಡುತ್ತದೆ. ಸ್ವಿಚ್ ಒತ್ತಿದರೂ, ಅಟ್ಟದ ಇಲಿ ತಂತಿ ಕಡಿದರೂ ಪಿನ್ 'ಹೈ' ಆಗುತ್ತದೆ, ಮೋಟಾರ್ ನಿಲ್ಲುತ್ತದೆ. ಪರದೆ ಪೂರ್ತಿ ಏರಲು ಬೇಕಾದ 12 ಸುತ್ತಿಗೆ ನನ್ನ ಮೋಟಾರ್ 36 ಸೆಕೆಂಡ್ ತೆಗೆದುಕೊಳ್ಳುತ್ತದೆ. 50 ಸೆಕೆಂಡ್ ಆದರೂ ಸ್ವಿಚ್ ಸಿಗದಿದ್ದರೆ ನಿಲ್ಲು ಎಂದೂ ಬರೆದಿದ್ದೇನೆ.

ಮಳೆ ಸೆನ್ಸರ್ ಕೂಡ ಹಾಕಿ ನೋಡಿದೆ, ತೆಗೆದೆ. ಅದರ ತಗಡಿನ ಮೇಲೆ ಇಬ್ಬನಿ ಕೂತರೂ ಅದಕ್ಕೆ ಮಳೆಯೇ. ಮಳೆಗಾಲಕ್ಕೆ ಬೇರೆಯೇ ಒಂದು ನಿಯಮ ಬೇಕಾಯಿತು. ಬಿಸಿಲಿಲ್ಲವೆಂದು ಪರದೆ ವಾರಗಟ್ಟಲೆ ಸುತ್ತಿಕೊಂಡೇ ಇದ್ದರೆ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ದಿನಕ್ಕೊಮ್ಮೆ ಪೂರ್ತಿ ಇಳಿದು, ಎರಡು ಗಂಟೆ ಗಾಳಿಯಾಡಿ, ಮತ್ತೆ ಏರುತ್ತದೆ.

ಕೊನೆಯದು ಬಟನ್. ಅಜ್ಜಿಯ ಹಾಸಿಗೆ ಪಕ್ಕದಲ್ಲೇ ಇದೆ. ಅವರು ಒತ್ತಿದರೆ ಪರದೆ ಏರುತ್ತದೆ ಅಥವಾ ಇಳಿಯುತ್ತದೆ. ಆಮೇಲೆ ಎರಡು ಗಂಟೆ ಎಲ್‌ಡಿಆರ್ ಏನು ಹೇಳಿದರೂ ಬೋರ್ಡ್ ಕೇಳುವುದಿಲ್ಲ. ಮೊದಲು ಹೀಗಿರಲಿಲ್ಲ. ಅಂಗಳದಲ್ಲಿ ಯಾರು ಬಂದರೆಂದು ನೋಡಲು ಅಜ್ಜಿ ಪರದೆ ಏರಿಸಿದರೆ, ಬಿಸಿಲಿದೆ ಎಂದು ಎರಡೇ ನಿಮಿಷಕ್ಕೆ ಅದು ಮತ್ತೆ ಇಳಿದುಬಿಡುತ್ತಿತ್ತು. ಬಟನ್‌ಗೂ ಎರಡೇ ತಂತಿ, ಒಂದು ಪಿನ್‌ಗೆ, ಒಂದು ಗ್ರೌಂಡ್‌ಗೆ. ಒಮ್ಮೆ ಒತ್ತಿದರೂ ಒಳಗಿನ ಲೋಹ ಕುಣಿದು ನಾಲ್ಕೈದು ಸಲ ಒತ್ತಿದಂತೆ ಓದಿಸುತ್ತದೆ, ಅದಕ್ಕೆ 50 ಮಿಲಿಸೆಕೆಂಡ್ ಬಿಟ್ಟು ಇನ್ನೊಮ್ಮೆ ಓದಿ.