ಪಿಯುಸಿಯಲ್ಲಿ ಮಾರ್ಕ್ಸ್ ಕಡಿಮೆ ಬಂದರೆ ಮೆಡಿಕಲ್ ಸೀಟು ಸಿಗುವುದಿಲ್ಲವೇ?

ಪ್ರಶ್ನೆ: ಮೇಡಂ, ನನ್ನ ಮಗಳು ಈ ಸಲ ದ್ವಿತೀಯ ಪಿಯುಸಿ ಮುಗಿಸಿದಳು. ಫಿಸಿಕ್ಸ್‌ನಲ್ಲಿ 46, ಕೆಮಿಸ್ಟ್ರಿಯಲ್ಲಿ 51, ಬಯಾಲಜಿಯಲ್ಲಿ 68 ಬಂದಿದೆ. ಎರಡು ವರ್ಷ ನೀಟ್ ನೀಟ್ ಅಂತಲೇ ಓದಿದ್ದು. ನಾವು ಜನರಲ್ ಮೆರಿಟ್. ಇಷ್ಟು ಕಡಿಮೆ ಪರ್ಸೆಂಟೇಜ್‌ಗೆ ಮೆಡಿಕಲ್ ಎಲ್ಲಿಂದ ಸಿಗುತ್ತೆ ಅಂತ ನೆಂಟರು ಕೇಳ್ತಾರೆ. ಕೋಚಿಂಗ್‌ನವರು ಪಿಯು ಮಾರ್ಕ್ಸ್ ಲೆಕ್ಕಕ್ಕೇ ಇಲ್ಲ ಬಿಡಿ ಅಂತಾರೆ. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಮಗಳ ಮಟ್ಟಿಗೆ ಮೊದಲು ಹೇಳಿಬಿಡುತ್ತೇನೆ, ಚಿಂತೆ ಬೇಡ. ಮೂರು ವಿಷಯ ಕೂಡಿದರೆ 300ಕ್ಕೆ 165, ಅಂದರೆ ಶೇ 55. ಜನರಲ್ ಮೆರಿಟ್‌ಗೆ ಬೇಕಿರುವುದು ಶೇ 50. ಆಕೆ ಅರ್ಹಳು. ಇನ್ನು ಮುಂದೆ ಅವಳ ರ್‍ಯಾಂಕ್ ನಿರ್ಧರಿಸುವುದು ನೀಟ್ ಅಂಕ ಮಾತ್ರ. ಪಿಯುಸಿಯಲ್ಲಿ 290 ತೆಗೆದವರಿಗೂ 165 ತೆಗೆದವರಿಗೂ ಎಂಬಿಬಿಎಸ್ ಮೆರಿಟ್ ಪಟ್ಟಿಯಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಹಾಗಂತ ಕೋಚಿಂಗ್‌ನವರ ಮಾತು ಪೂರ್ತಿ ನಿಜವೂ ಅಲ್ಲ. ನನ್ನ ಪ್ರಕಾರ ನೆಂಟರ ಮಾತಿಗಿಂತ ಅದೇ ಹೆಚ್ಚು ಅಪಾಯದ್ದು. ಪಿಯು ಅಂಕ ರ್‍ಯಾಂಕ್ ಕೊಡುವುದಿಲ್ಲ, ನಿಜ. ಆದರೆ ಕನಿಷ್ಠ ಮಿತಿ ಮುಟ್ಟದಿದ್ದರೆ ನೀಟ್‌ನಲ್ಲಿ 600 ಬಂದರೂ ಪ್ರಯೋಜನವಿಲ್ಲ.

ಆ ಮಿತಿ ಹೇಗೆ ಲೆಕ್ಕ ಹಾಕುತ್ತಾರೆ ಎನ್ನುವುದನ್ನು ಮಾರ್ಕ್ಸ್ ಕಾರ್ಡ್ ಕೈಯಲ್ಲಿ ಹಿಡಿದುಕೊಂಡೇ ನೋಡೋಣ. ಕಾರ್ಡಿನಲ್ಲಿ ಆರು ವಿಷಯ ಇರುತ್ತವೆ, ಕೆಳಗೆ 600ಕ್ಕೆ ಒಟ್ಟು ಮೊತ್ತ ಇರುತ್ತದೆ. ಆ ಮೊತ್ತವನ್ನು ಮರೆತುಬಿಡಿ. ಕನ್ನಡದಲ್ಲಿ 98 ಬಂದಿರಲಿ, ಗಣಿತದಲ್ಲಿ 100 ಬಂದಿರಲಿ, ಇಲ್ಲಿ ಅವು ಲೆಕ್ಕಕ್ಕೆ ಬರುವುದಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರನ್ನೇ ಕೂಡಬೇಕು. ಬಯಾಲಜಿ ಬದಲು ಬಯೋಟೆಕ್ನಾಲಜಿ ಓದಿದ್ದರೂ ನಡೆಯುತ್ತದೆ. ಒಂದೊಂದು ವಿಷಯದಲ್ಲೂ ಪ್ರತ್ಯೇಕವಾಗಿ ಪಾಸಾಗಿರಬೇಕು, ಮೂರರ ಮೊತ್ತ ಜನರಲ್ ಮೆರಿಟ್‌ನವರಿಗೆ 150 ದಾಟಬೇಕು ಅಥವಾ ಮುಟ್ಟಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ, ನಮ್ಮ ರಾಜ್ಯದ ಲೆಕ್ಕದಲ್ಲಿ ಪ್ರವರ್ಗ 1, 2ಎ, 2ಬಿ, 3ಎ, 3ಬಿಗೆ, ಶೇ 40 ಸಾಕು, ಅಂದರೆ 120. ಸಾಮಾನ್ಯ ವರ್ಗದ ಅಂಗವಿಕಲ ಅಭ್ಯರ್ಥಿಗಳಿಗೆ ಶೇ 45. ಇಂಗ್ಲಿಷ್ ಅಂಕ ಕೂಡಿಕೆಗೆ ಬರುವುದಿಲ್ಲ, ಆದರೆ ಇಂಗ್ಲಿಷ್ ಒಂದು ವಿಷಯವಾಗಿ ಓದಿ ಪಾಸಾಗಿರಲೇಬೇಕು.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು, 149 ಬಂದವರು ಶೇ 49.67 ಅಂದರೆ 50 ಅಂತಲೇ ಲೆಕ್ಕ ಎಂದುಕೊಳ್ಳುವುದು. ಹಾಗೆ ಮೇಲಕ್ಕೆ ಸರಿಹೊಂದಿಸಿಕೊಳ್ಳಲು ಅವಕಾಶವಿಲ್ಲ. ಎರಡನೆಯದು, ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಪ್ರಮಾಣಪತ್ರ ಇದ್ದರೆ ರಿಯಾಯಿತಿ ಸಿಗುತ್ತದೆ ಎಂಬ ನಂಬಿಕೆ. ಆ ವರ್ಗಕ್ಕೆ ಸೀಟಿನಲ್ಲಿ ಮೀಸಲಾತಿ ಇರುವ ಕಡೆಯೂ ಅರ್ಹತಾ ಅಂಕದಲ್ಲಿ ರಿಯಾಯಿತಿ ಇಲ್ಲ, ಅವರಿಗೂ ಶೇ 50 ಬೇಕು.

ಎಸ್ಸೆಸ್ಸೆಲ್ಸಿ ಅಂಕ, ಪ್ರಥಮ ಪಿಯುಸಿ ಅಂಕ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ವಯಸ್ಸು, ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ಎಷ್ಟು ಸಲ ನೀಟ್ ಬರೆಯಬಹುದು ಎಂಬುದಕ್ಕೂ ಮಿತಿ ಇಲ್ಲ.

ನಿಮ್ಮ ನೆಂಟರಿಗೆ ಆ ಅನುಮಾನ ಎಲ್ಲಿಂದ ಬಂತು ಎನ್ನುವುದನ್ನು ನಾನು ಊಹಿಸಬಲ್ಲೆ. ನಮ್ಮಲ್ಲಿ ಎಂಜಿನಿಯರಿಂಗ್‌ಗೆ ಸಿಇಟಿ ರ್‍ಯಾಂಕ್ ಕೊಡುವಾಗ ಅರ್ಧ ತೂಕ ಪಿಯು ಅಂಕಕ್ಕೆ, ಅರ್ಧ ಸಿಇಟಿ ಅಂಕಕ್ಕೆ. ಅಲ್ಲಿ ಪಿಯುಸಿಯ ಒಂದೊಂದು ಅಂಕವೂ ರ್‍ಯಾಂಕನ್ನು ಸಾವಿರಾರು ಸ್ಥಾನ ಮೇಲೆ ಕೆಳಗೆ ಮಾಡುತ್ತದೆ. ಅಣ್ಣನಿಗೆ ಎಂಜಿನಿಯರಿಂಗ್ ಸೀಟು ಕೊಡಿಸಿದ ಮನೆಯವರು ಅದೇ ಲೆಕ್ಕವನ್ನು ತಂಗಿಯ ಮೆಡಿಕಲ್‌ಗೂ ಹಾಕುತ್ತಾರೆ. ಎರಡಕ್ಕೂ ಕೌನ್ಸೆಲಿಂಗ್, ಅಂದರೆ ಸೀಟು ಹಂಚುವ ಪ್ರಕ್ರಿಯೆ, ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಆದ್ದರಿಂದ ಗೊಂದಲ ಸಹಜ.

ಇನ್ನು ಕೋಚಿಂಗ್‌ನವರ ಮಾತಿಗೆ ಬರೋಣ. ನೀಟ್ ಅರ್ಜಿ ತುಂಬುವ ಹೊತ್ತಿಗೆ ಬಹುಪಾಲು ಮಕ್ಕಳು ಪಿಯುಸಿ ಪರೀಕ್ಷೆಯನ್ನೇ ಬರೆದಿರುವುದಿಲ್ಲ. ಹಾಗಾಗಿ ನೀಟ್ ನಡೆಸುವ ಎನ್‌ಟಿಎ ಪಿಯು ಅಂಕ ನೋಡಲು ಹೋಗುವುದೇ ಇಲ್ಲ. ಪರೀಕ್ಷೆ ಬರೆಯಲು ಬಿಡುತ್ತದೆ, ಸ್ಕೋರ್ ಕಾರ್ಡ್ ಕೊಡುತ್ತದೆ, ಅದರಲ್ಲಿ ‘ಕ್ವಾಲಿಫೈಡ್’ ಎಂದೂ ಬರುತ್ತದೆ. ಪಿಯು ಅಂಕ ನೋಡುವುದು ಆಮೇಲೆ, ಕೌನ್ಸೆಲಿಂಗ್‌ನ ದಾಖಲೆ ಪರಿಶೀಲನೆಯಲ್ಲಿ. ಎರಡು ವರ್ಷ ಬೋರ್ಡ್ ಪಠ್ಯಪುಸ್ತಕ ತೆರೆಯದೆ ಬರೀ ಬಹುಆಯ್ಕೆ ಪ್ರಶ್ನೆ ಬಿಡಿಸಿದ ಮಕ್ಕಳು ಫಿಸಿಕ್ಸ್‌ನಲ್ಲಿ ವಿವರಣಾತ್ಮಕ ಉತ್ತರ ಬರೆಯಲು ಬರದೆ 36, 38ಕ್ಕೆ ನಿಲ್ಲುವುದು ನಾನು ಪಾಠ ಮಾಡುವ ಕಡೆ ಪ್ರತಿ ವರ್ಷ ಕಾಣುವ ಸಂಗತಿ. ಉಳಿದೆರಡರಲ್ಲಿ ಒಂದು ಕೈಕೊಟ್ಟರೂ 150 ತಪ್ಪಿಹೋಗುತ್ತದೆ. ಪ್ರಾಯೋಗಿಕ ಪರೀಕ್ಷೆಯ 30 ಅಂಕ ಪ್ರತಿ ವಿಷಯಕ್ಕೂ ಇದೆ, ಅದನ್ನು ಹಗುರವಾಗಿ ನೋಡಬೇಡಿ ಎಂದು ಪ್ರಥಮ ಪಿಯುಸಿಯಿಂದಲೇ ಹೇಳುತ್ತಾ ಬರುತ್ತೇನೆ. ಮೂರು ವಿಷಯ ಸೇರಿ 90 ಅಂಕ, ಬೇಕಿರುವ 150ರಲ್ಲಿ ಅರ್ಧಕ್ಕಿಂತ ಹೆಚ್ಚು.

ಮಿತಿ ತಪ್ಪಿದವರಿಗೆ ದಾರಿ ಮುಚ್ಚಿಲ್ಲ. 2024ರಿಂದ ನಮ್ಮ ಬೋರ್ಡ್ ವರ್ಷಕ್ಕೆ ಪರೀಕ್ಷೆ 1, ಪರೀಕ್ಷೆ 2 ಎಂದು ಒಂದಕ್ಕಿಂತ ಹೆಚ್ಚು ಅವಕಾಶ ಕೊಡುತ್ತಿದೆ. ಫೇಲಾದವರಷ್ಟೇ ಅಲ್ಲ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದನ್ನೇ ಉಳಿಸಿಕೊಳ್ಳಬಹುದು. 145ಕ್ಕೆ ನಿಂತ ಮಗುವಿಗೆ ಒಂದೇ ವಿಷಯದಲ್ಲಿ ಐದಾರು ಅಂಕ ಹೆಚ್ಚಾದರೆ ಸಾಕು. ಫಲಿತಾಂಶ ಬಂದ ದಿನ ಮನೆಯಲ್ಲಿ ಗಲಾಟೆ ಮಾಡುವ ಬದಲು ಮೂರು ವಿಷಯ ಕೂಡಿ ನೋಡಿ, ಕಡಿಮೆಯಿದ್ದರೆ ಪರೀಕ್ಷೆ 2ಕ್ಕೆ ಕೂಡಲೇ ಶುಲ್ಕ ಕಟ್ಟಿಸಿ. ದಿನಾಂಕಗಳು ಬೇಗ ಮುಗಿದುಹೋಗುತ್ತವೆ.

ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಕಂಪ್ಯೂಟರ್ ಸೈನ್ಸ್) ತೆಗೆದುಕೊಂಡು ಬಯಾಲಜಿ ಓದದೇ ಪಿಯುಸಿ ಮುಗಿಸಿದವರು ಮುಂಚೆ ಎಂಬಿಬಿಎಸ್ ಆಸೆ ಬಿಡಬೇಕಾಗಿತ್ತು. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಆ ನಿಯಮ ಸಡಿಲಿಸಿತು. 12ನೇ ತರಗತಿ ಪಾಸಾದ ಮೇಲೂ ಮಾನ್ಯತೆ ಪಡೆದ ಬೋರ್ಡಿನಿಂದ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಬರೆದು ಪಾಸಾದರೆ ನೀಟ್‌ಗೆ ಅರ್ಹರು.

ಈಗ ನೀಟ್‌ನ ಅರ್ಹತೆ. ಇಲ್ಲಿ ಶೇಕಡಾ ಬೇರೆ, ಪರ್ಸೆಂಟೈಲ್ ಬೇರೆ ಎಂಬುದು ತಲೆಗೆ ಹತ್ತದೆ ಅರ್ಧ ಊರೇ ಗೊಂದಲದಲ್ಲಿದೆ. ನೀಟ್‌ಗೆ ಒಟ್ಟು 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಸಾಮಾನ್ಯ ವರ್ಗದವರು 50ನೇ ಪರ್ಸೆಂಟೈಲ್ ಮುಟ್ಟಬೇಕು ಎಂದರೆ 360 ಅಂಕ ಬೇಕು ಎಂದು ಅರ್ಥವಲ್ಲ. ಬರೆದವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮೇಲಿನ ಅರ್ಧದಲ್ಲಿ ನೀವಿರಬೇಕು, ಅಷ್ಟೇ. ಸಾಲಿನ ನಟ್ಟನಡುವೆ ನಿಂತ ಅಭ್ಯರ್ಥಿಯ ಅಂಕ ಎಷ್ಟೋ ಅದೇ ಆ ವರ್ಷದ ಕಟಾಫ್. ಆದ್ದರಿಂದ ಅದು ಪ್ರತಿ ವರ್ಷ ಬದಲಾಗುತ್ತದೆ. 2023ರಲ್ಲಿ ಸಾಮಾನ್ಯ ವರ್ಗಕ್ಕೆ 137 ಇತ್ತು, 2024ರಲ್ಲಿ ಪರಿಷ್ಕೃತ ಫಲಿತಾಂಶದ ನಂತರ 162, 2025ರಲ್ಲಿ 144. ಪರಿಶಿಷ್ಟರು ಮತ್ತು ಹಿಂದುಳಿದ ವರ್ಗದವರಿಗೆ 40ನೇ ಪರ್ಸೆಂಟೈಲ್, 2025ರಲ್ಲಿ ಅದು 113 ಅಂಕ.

720ಕ್ಕೆ 144 ಅಂದರೆ ಶೇ 20. ಇಷ್ಟು ಸುಲಭವೇ ಎಂದು ಹಲವರು ಖುಷಿಪಡುತ್ತಾರೆ, ಮನೆಗೆ ಸಿಹಿ ತರುತ್ತಾರೆ. ಆದರೆ 2025ರಲ್ಲಿ ಅರ್ಹತೆ ಪಡೆದವರು 12 ಲಕ್ಷಕ್ಕೂ ಹೆಚ್ಚು. ಇಡೀ ದೇಶದಲ್ಲಿ ಇರುವ ಎಂಬಿಬಿಎಸ್ ಸೀಟು, ಸರ್ಕಾರಿ ಖಾಸಗಿ ಎಲ್ಲ ಸೇರಿ, ಒಂದೂಕಾಲು ಲಕ್ಷದ ಆಸುಪಾಸು. ‘ಕ್ವಾಲಿಫೈಡ್’ ಎಂದರೆ ಕೌನ್ಸೆಲಿಂಗ್‌ಗೆ ಹೆಸರು ನೋಂದಾಯಿಸಿಕೊಳ್ಳುವ ಹಕ್ಕು ಬಂತು ಎಂದರ್ಥ, ಸೀಟು ಬಂತು ಎಂದಲ್ಲ. ಈ ಒಂದು ಮಾತು ಮೊದಲೇ ಗೊತ್ತಿದ್ದರೆ ಎಷ್ಟೋ ಮನೆಗಳು ಆಗಸ್ಟ್ ತಿಂಗಳಲ್ಲಿ ಏಜೆಂಟರ ಬಾಗಿಲಿಗೆ ಹೋಗುವುದು ತಪ್ಪುತ್ತದೆ.

ಹಾಗಾದರೆ ಎಷ್ಟು ಅಂಕ ಬಂದರೆ ಸರ್ಕಾರಿ ಸೀಟು? ಅಂಕ ಕೇಳಬೇಡಿ, ರ್‍ಯಾಂಕ್ ಕೇಳಿ. 2024ರಲ್ಲಿ 720ಕ್ಕೆ 720 ತೆಗೆದವರೇ 17 ಮಂದಿ ಇದ್ದರು, 2025ರ ಪತ್ರಿಕೆ ಕಷ್ಟವಿತ್ತು, ದೇಶಕ್ಕೇ ಮೊದಲು ಬಂದವರ ಅಂಕ 686. ಪಕ್ಕದ ಮನೆಯ ಹುಡುಗನಿಗೆ ಎರಡು ವರ್ಷದ ಹಿಂದೆ ಇಷ್ಟಕ್ಕೆ ಸಿಗಲಿಲ್ಲವಂತೆ ಎಂದು ನಿಮ್ಮ ಮಗಳ ಅಂಕವನ್ನು ಅವನ ಅಂಕದ ಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಪ್ರತಿ ಕಾಲೇಜಿಗೆ, ಪ್ರತಿ ಪ್ರವರ್ಗಕ್ಕೆ, ಪ್ರತಿ ಸುತ್ತಿಗೆ ಕೊನೆಯ ರ್‍ಯಾಂಕ್ ಎಷ್ಟಕ್ಕೆ ನಿಂತಿತು ಎಂದು ಪ್ರಕಟವಾಗುತ್ತದೆ. ಹಿಂದಿನ ವರ್ಷದ ಎಲ್ಲ ಸುತ್ತನ್ನೂ ನೋಡಿ. ಮೊದಲ ಸುತ್ತಿನ ಪಟ್ಟಿಗೂ ಕೊನೆಯ ಸುತ್ತಿನ ಪಟ್ಟಿಗೂ ಅಂತರ ಸಾಕಷ್ಟಿರುತ್ತದೆ.

ನೀಟ್ ಅರ್ಜಿಯಲ್ಲಿ ಹಿಂದುಳಿದ ವರ್ಗ ಎಂದು ತುಂಬುವಾಗ ನೋಡಬೇಕಾದ್ದು ಕೇಂದ್ರ ಸರ್ಕಾರದ ಪಟ್ಟಿ. ನಮ್ಮ ರಾಜ್ಯದ ಪ್ರವರ್ಗದ ಪಟ್ಟಿ ಬೇರೆ. ರಾಜ್ಯದಲ್ಲಿ ಹಿಂದುಳಿದವರಾಗಿದ್ದೂ ಕೇಂದ್ರದ ಪಟ್ಟಿಯಲ್ಲಿ ಇಲ್ಲದ ಸಮುದಾಯಗಳಿವೆ. ಅಂಥವರು ಎನ್‌ಟಿಎ ಅರ್ಜಿಯಲ್ಲಿ ಸಾಮಾನ್ಯ ಎಂದೇ ತುಂಬಬೇಕು, ರಾಜ್ಯದ ಕೌನ್ಸೆಲಿಂಗ್‌ನಲ್ಲಿ ತಮ್ಮ ಪ್ರವರ್ಗ ಹೇಳಬೇಕು. ರಾಜ್ಯಕ್ಕೆ ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲಿರುವ ಗುರುತಿನ ಸಂಖ್ಯೆ) ಬೇಕು, ಅದರಲ್ಲಿರುವ ಹೆಸರು ಇನಿಷಿಯಲ್ ಸಮೇತ ಅರ್ಜಿಯ ಹೆಸರಿಗೆ ಹೊಂದಿಕೆಯಾಗಬೇಕು. ನಾಡಕಚೇರಿಯಲ್ಲಿ ಮಗುವಿನ ಹೆಸರಿಗೆ ಹೊಸ ಪ್ರಮಾಣಪತ್ರ ಮಾಡಿಸುವ ಕೆಲಸವನ್ನು ಫಲಿತಾಂಶದವರೆಗೆ ಕಾಯದೆ ಮುಗಿಸಿಕೊಳ್ಳಿ.

ಇನ್ನೊಂದು ಅರ್ಹತೆ ಇದೆ, ಅದು ಅಂಕದ್ದಲ್ಲ, ಓದಿದ ಊರಿನದ್ದು. ರಾಜ್ಯದ ಕೋಟಾದ ಸೀಟಿಗೆ 1ನೇ ತರಗತಿಯಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯಲ್ಲಿ ಒಂದನ್ನು ಇಲ್ಲಿಂದ ಪಾಸಾಗಿರಬೇಕು. 10ನೇ ತರಗತಿವರೆಗೆ ಇಲ್ಲೇ ಓದಿ ಪಿಯುಸಿಗೆ ಹೈದರಾಬಾದಿನ ಹಾಸ್ಟೆಲ್ ಸೇರಿದ ಮಕ್ಕಳ ತಾಯಂದಿರು ಸೀಟು ಹೋಯಿತೇನೋ ಎಂದು ಗಾಬರಿಯಾಗಿ ಫೋನ್ ಮಾಡುತ್ತಾರೆ. 7 ವರ್ಷ ತುಂಬಿದ್ದು ಎಸ್ಸೆಸ್ಸೆಲ್ಸಿ ಇಲ್ಲಿನದಾಗಿದ್ದರೆ ಭಯವಿಲ್ಲ. ಒಂದೇ ತರಗತಿಯಲ್ಲಿ ಎರಡು ವರ್ಷ ಕೂತಿದ್ದರೆ ಅದನ್ನು ಒಂದೇ ವರ್ಷ ಎಂದು ಎಣಿಸುತ್ತಾರೆ. ಗ್ರಾಮೀಣ ಮೀಸಲಾತಿಗೆ 1ರಿಂದ 10ರವರೆಗೆ ಪೂರ್ತಿ 10 ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಮನೆ ಹಳ್ಳಿಯಲ್ಲಿದ್ದು ಹೈಸ್ಕೂಲಿಗೆ ಬಸ್ಸಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೋಗಿದ್ದರೆ ಅದು ಸಿಗುವುದಿಲ್ಲ, ಲೆಕ್ಕ ಶಾಲೆಯದ್ದು. ಕನ್ನಡ ಮಾಧ್ಯಮದ ಮೀಸಲಾತಿಗೂ ಅದೇ ಹತ್ತು ವರ್ಷ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರಿಗೆ ಸಂವಿಧಾನದ 371(ಜೆ) ವಿಧಿಯ ಅಡಿ ಆ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟು ಮೀಸಲು, ಅದರ ಪ್ರಮಾಣಪತ್ರ ಪ್ರತ್ಯೇಕ.

ಗಡಿಯಾಚೆಯ ಕನ್ನಡಿಗರನ್ನು ನಾವು ಮರೆತುಬಿಡುತ್ತೇವೆ, ನಿಯಮ ಮರೆತಿಲ್ಲ. ಕಾಸರಗೋಡು, ಮಂಜೇಶ್ವರ, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಆದೋನಿ, ಮಡಕಶಿರಾ ಮುಂತಾದ ತಾಲ್ಲೂಕುಗಳ ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳು ಗಡಿನಾಡು ಕನ್ನಡಿಗರಾಗಿ ಇಲ್ಲಿನ ಕೌನ್ಸೆಲಿಂಗ್‌ಗೆ ಅರ್ಹರು. ಅದಕ್ಕೆ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು. ಅಲ್ಲಿ ನೆಂಟರಿದ್ದರೆ ದಯವಿಟ್ಟು ತಿಳಿಸಿ, ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ.

ದುಡ್ಡು ಕೊಟ್ಟರೆ ನೀಟ್ ಬೇಡ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿರಲಿ, ಎನ್‌ಆರ್‌ಐ ಸೀಟಿರಲಿ, ಡೀಮ್ಡ್ ವಿಶ್ವವಿದ್ಯಾಲಯವಿರಲಿ, ಪಿಯುಸಿಯ ಕನಿಷ್ಠ ಅಂಕ ಮತ್ತು ನೀಟ್ ಅರ್ಹತೆ ಎರಡೂ ಬೇಕು, ಸೀಟು ಹಂಚಿಕೆ ಕೌನ್ಸೆಲಿಂಗ್ ಮೂಲಕವೇ. ವಿದೇಶಕ್ಕೆ ಹೋಗುವವರಿಗೂ 2018ರಿಂದ ನೀಟ್ ಕಡ್ಡಾಯ. ಅಲ್ಲಿನ ಕಾಲೇಜು ನೀಟ್ ಕೇಳದಿರಬಹುದು, ಆದರೆ ಓದು ಮುಗಿಸಿ ವಾಪಸ್ ಬಂದಾಗ ಇಲ್ಲಿ ಪ್ರಾಕ್ಟೀಸ್ ಮಾಡಲು ಅನುಮತಿ ಸಿಗುವುದಿಲ್ಲ. 2021ರ ನಿಯಮದಂತೆ ಅಲ್ಲಿನ ಕೋರ್ಸ್ ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷಿನಲ್ಲಿ ಪಾಠ ನಡೆಯಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಇರಬೇಕು, ಆ ದೇಶದಲ್ಲಿ ವೈದ್ಯರಾಗಿ ಕೆಲಸ ಮಾಡಲು ಆ ಪದವಿ ಸಲ್ಲಬೇಕು. ಮುಂಗಡ ಕಟ್ಟುವ ಮೊದಲು ಈ ನಾಲ್ಕೂ ಲಿಖಿತವಾಗಿ ಕೈಗೆ ಬಂದಿರಲಿ.